ಹೆಸರು ಹಿಡಿದು ಕರೆಯುವ ರುದ್ರಮ್ಮ

ರುದ್ರಮ್ಮ ಹುಟ್ಟಿದ್ದು ಕತ್ರಿಗುಪ್ಪೆಯ ಹಳೇ ಊರಿನ ಬೀದಿಯಲ್ಲಿ. ಮದುವೆಯಾಗಿ ಹೋಗಿದ್ದು ಅದೇ ಬೀದಿಯ ಇನ್ನೊಂದು ತುದಿಗೆ. ಗಂಡ ಹನುಮಯ್ಯ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸದವನು. ಜಯನಗರದ ಆಚೆಗಿರುವ ಒಂದು ಸಣ್ಣ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ರುದ್ರಮ್ಮ ಆಯಾ ಆಗಿ ಸೇರಿ ಇಪ್ಪತ್ತಮೂರು ವರ್ಷವಾಯಿತು. ನೆಲ ಒರೆಸುವುದು, ಬಟ್ಟೆ ಬದಲಿಸುವುದು, ಹುಟ್ಟಿದ ಮಗುವನ್ನು ಒರೆಸಿ ಸುತ್ತಿ ಕೊಡುವುದು, ಎಲ್ಲಾ ಅವಳದೇ. ಕೆಲಸದಲ್ಲಿ ಅವಳಷ್ಟು ಚುರುಕಿನವರು ಅಲ್ಲಿ ಇರಲಿಲ್ಲ. ಅವಳಷ್ಟು ಗಟ್ಟಿ ಗಂಟಲಿನವರೂ ಇರಲಿಲ್ಲ.

ಹೆರಿಗೆ ಕೋಣೆಯಲ್ಲಿ ಬೈಗುಳವೂ ಒಂದು ಸಾಮಾನು, ಡೆಟಾಲ್ ಇದ್ದ ಹಾಗೆ ಅಂತ ಅವಳು ನಂಬಿದ್ದಳು. ನೋವು ತಿನ್ನುವವಳು ಕಿರುಚಿದರೆ ಗದರಬೇಕು. ಕಾಲು ಕೂಡಿಸಿಕೊಂಡರೆ ತೊಡೆಗೆ ಒಂದು ಬಿಡಬೇಕು. ಇಲ್ಲದಿದ್ದರೆ ಮಗುವಿಗೇ ಅಪಾಯ. ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯರು ಅವಳಿಗೆ ಹೇಳಿಕೊಟ್ಟಿದ್ದು ಹೀಗೆ. ಅವಳೂ ಆಮೇಲೆ ಬಂದವರಿಗೆ ಹಾಗೇ ಹೇಳಿಕೊಟ್ಟಳು.

ಐದು ವರ್ಷದ ಹಿಂದಿನ ಮಾತು. ಬುದ್ಧ ಪೂರ್ಣಿಮೆಯ ಹಿಂದಿನ ದಿನ ಡ್ಯೂಟಿ ಮುಗಿಸಿ, ಮನೆಯಲ್ಲಿರುವ ಬುದ್ಧನ ಪಟಕ್ಕೆ ಮಲ್ಲಿಗೆ ತರಲು ರುದ್ರಮ್ಮ ಜಯನಗರದ ಫೋರ್ತ್ ಬ್ಲಾಕಿಗೆ ಹೋಗಿದ್ದಳು. ಕಾಂಪ್ಲೆಕ್ಸಿನ ಪಕ್ಕ ಹೂ ಮಾರುತ್ತಿದ್ದ ಹೆಂಗಸು ಮೊಳ ಹಾಕುತ್ತಾ ಅವಳ ಮುಖವನ್ನೇ ನೋಡಿದಳು.

"ನೀವು ಹೆರಿಗೆ ಆಸ್ಪತ್ರೆ ಆಯಾ ಅಲ್ವಾ?"

ರುದ್ರಮ್ಮನಿಗೆ ಖುಷಿಯಾಯಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ ಇಂಥವರು ಸಿಗುತ್ತಿದ್ದರು. ಮಗುವನ್ನು ತೋರಿಸಿ ನಗುತ್ತಿದ್ದರು.

"ಹೂಂ ಕಣಮ್ಮ. ನಮ್ಮಲ್ಲೇ ಆಯ್ತಾ ನಿಂಗೆ ಹೆರಿಗೆ? ಮಗು ಹೆಂಗಿದೆ?"

"ಚೆನ್ನಾಗವ್ಳೆ. ಒಂಬತ್ತು ವರ್ಷ ತುಂಬ್ತು."

"ಅದಾದ್ಮೇಲೆ?"

"ಅದಾದ್ಮೇಲೆ ಬೇಡ ಅಂದ್ಬಿಟ್ಟೆ." ಹೂವಿನವಳ ಕೈ ನಿಲ್ಲಲಿಲ್ಲ. "ನಾನು ನೋವಲ್ಲಿ ಕೂಗ್ತಿದ್ದಾಗ ನೀವು ತೊಡೆಗೆ ಹೊಡೆದ್ರಿ. ಗಂಡನ ಹತ್ರ ಹೋಗುವಾಗ ಹಿಂಗೇ ಕಿರುಚಿದ್ಯಾ ಅಂತ ಕೇಳಿದ್ರಿ. ಅಲ್ಲಿದ್ದೋರೆಲ್ಲ ನಕ್ರು. ಆ ಕೋಣೆಗೆ ಇನ್ನೊಂದ್ಸಲ ಬರೋಕೆ ನಂಗಾಗಲಿಲ್ಲ ಅಕ್ಕ. ಎಷ್ಟು ಮೊಳ ಅಂದ್ರಿ, ಎರಡಾ?"

ಅವಳು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ. ಹೂವನ್ನು ಬಾಳೆ ಎಲೆಯಲ್ಲಿ ಕಟ್ಟಿ ಕೊಟ್ಟು, ಪಕ್ಕದ ಗಿರಾಕಿಯ ಕಡೆ ತಿರುಗಿದಳು. ಯಾರೋ ಅವಳನ್ನು ಅಂಜನಮ್ಮ ಎಂದು ಕರೆದದ್ದು ರುದ್ರಮ್ಮನ ಕಿವಿಗೆ ಬಿತ್ತು.

ಬಸ್ಸಿನಲ್ಲಿ ಕೂತು ರುದ್ರಮ್ಮ ಆ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ಏನು ಮಾಡಿದರೂ ನೆನಪಾಗಲಿಲ್ಲ. ಹೊಡೆದದ್ದಕ್ಕಿಂತ ಅದೇ ಅವಳನ್ನು ಹೆಚ್ಚು ಚುಚ್ಚಿತು. ಎಷ್ಟೋ ವರ್ಷದ ಹಿಂದೆ ತನಗೆ ಹೊಡೆದಿದ್ದವಳ ಮುಖ ಮಾತ್ರ ರುದ್ರಮ್ಮನಿಗೆ ಚೆನ್ನಾಗಿ ನೆನಪಿತ್ತು.

ಮನೆಗೆ ಹೋದವಳು ಹನುಮಯ್ಯನಿಗೆ ಎಲ್ಲವನ್ನೂ ಹೇಳಿದಳು.

"ನೀನೊಬ್ಳೇನಾ? ಎಲ್ಲಾ ಆಸ್ಪತ್ರೇಲೂ ಹಂಗೇ ಅಲ್ವಾ," ಎಂದು ಅವನು ಸಮಾಧಾನ ಮಾಡಲು ಹೋದ.

"ನನ್ಗೂ ಹೊಡೆದಿದ್ರು. ಮೊದಲ್ನೇ ಹೆರಿಗೇಲಿ, ಬೇರೆ ಆಸ್ಪತ್ರೇಲಿ. ಕಪಾಳಕ್ಕೆ."

"ಯಾವತ್ತೂ ಹೇಳ್ಲಿಲ್ಲ ನೀನು! ನಾನು ಅಲ್ಲೇ ಹೊರಗಡೆ ಬೆಂಚ್ ಮೇಲೆ ಇದ್ನಲ್ಲೇ."

"ನೀವು ಹೊರಗಡೆ ಇದ್ರಿ," ಅಂದಳು ರುದ್ರಮ್ಮ.

ಹನುಮಯ್ಯ ಎದ್ದು ಹೋಗಿ ಅವಳಿಗೆ ಒಂದು ಲೋಟ ಕಾಫಿ ಮಾಡಿಕೊಂಡು ಬಂದ. ಸಕ್ಕರೆ ಜಾಸ್ತಿಯಾಗಿತ್ತು. ಅವಳು ಕುಡಿದಳು.

ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಎರಡನೇ ಮಂಚದಲ್ಲಿ ಒಬ್ಬ ಹೆಂಗಸು ನರಳುತ್ತಿದ್ದಳು. "ಏಯ್ ಎರಡ್ನೇ ನಂಬರ್" ಎನ್ನಲು ಬಾಯಿ ತೆರೆದ ರುದ್ರಮ್ಮ, ಅದನ್ನು ನುಂಗಿ ಹತ್ತಿರ ಹೋಗಿ, "ನಿನ್ನ ಹೆಸರೇನಮ್ಮ?" ಎಂದು ಕೇಳಿದಳು. ರುದ್ರಮ್ಮ ಹೊಡೆಯಲು ಬಂದಳೇನೋ ಎಂದು ಆ ಹೆಂಗಸು ಮೊದಲು ಮುಖಕ್ಕೆ ಕೈ ಅಡ್ಡ ಹಿಡಿದಳು. ಆಮೇಲೆ ಹೇಳಿದಳು.

ಕೋಣೆಯ ಎರಡು ಮಂಚಗಳ ನಡುವೆ ಮರೆ ಇರಲಿಲ್ಲ. ಪರದೆ ಬೇಕೆಂದು ಡಾಕ್ಟರ್ ಲತಾಮಣಿಯವರನ್ನು ಕೇಳಿದಳು. ಆಗಷ್ಟೇ ವರ್ಗವಾಗಿ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಅವರು.

"ಬರೆದು ಕಳಿಸ್ತೀನಿ ರುದ್ರಮ್ಮ. ಬರೋಕೆ ಆರು ತಿಂಗಳಾದ್ರೂ ಆಗತ್ತೆ."

"ಅಲ್ಲೀವರೆಗೆ ನಾನೊಂದು ಕಟ್ಲಾ ಮೇಡಂ?"

ಭಾನುವಾರ ಹನುಮಯ್ಯ ಡ್ರಿಲ್ ಹಿಡಿದುಕೊಂಡು ಬಂದ. ಗೋಡೆಯಿಂದ ಗೋಡೆಗೆ ತಂತಿ ಎಳೆದ. ರುದ್ರಮ್ಮ ಎರಡು ದಪ್ಪ ಬೆಡ್‌ಶೀಟುಗಳಿಗೆ ತಂತಿಯಲ್ಲಿ ಜಾರುವಂತೆ ಬಳೆ ಹೊಲಿದು ತೂಗು ಹಾಕಿದಳು. ಹಿರಿಯ ಸಿಸ್ಟರ್ ಒಬ್ಬರಿಗೆ ಇದು ಹಿಡಿಸಲಿಲ್ಲ. "ಆಯಾ ಬಂದು ನಮ್ಗೆ ಕೆಲಸ ಹೇಳ್ಕೊಡೋ ಕಾಲ ಬಂತು," ಎಂದು ಎಲ್ಲರೆದುರು ಅಂದರು. ರುದ್ರಮ್ಮ ಮಾತಿಗೆ ಮಾತು ಕೊಡಲಿಲ್ಲ. ಕೊಡಲು ಬರುತ್ತಿರಲಿಲ್ಲ ಎಂದಲ್ಲ.

ಒಂದು ತಿಂಗಳಾದ ಮೇಲೆ ಅವಳು ಮತ್ತೆ ಅಂಜನಮ್ಮನ ಹತ್ತಿರ ಹೋದಳು. "ನಂದು ತಪ್ಪಾಯ್ತು ಕಣಮ್ಮ," ಅಂದಳು. ಅಂಜನಮ್ಮ ಹೂವಿನ ಮೇಲೆ ನೀರು ಚಿಮುಕಿಸುತ್ತಾ, "ಆಯ್ತು ಬಿಡಿ ಅಕ್ಕ," ಎಂದಳು. ನಗಲಿಲ್ಲ. ಕ್ಷಮಿಸಿದೆ ಎಂದು ಅವಳು ಹೇಳಲೂ ಇಲ್ಲ, ರುದ್ರಮ್ಮ ಕೇಳಲೂ ಇಲ್ಲ.

ಎರಡು ವರ್ಷದ ಹಿಂದೆ, ಒಂದು ಸೋಮವಾರ ಬೆಳಗ್ಗೆ ಬಿಟಿಎಂ ಲೇಔಟಿನಿಂದ ವಿಜಯಲಕ್ಷ್ಮಿ ಎಂಬ ಹುಡುಗಿ ಆಟೋದಲ್ಲಿ ಬಂದಿಳಿದಳು. ಗದಗದ ಕಡೆಯವಳು, ಇಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ, ಚೊಚ್ಚಲ ಹೆರಿಗೆ. ಜೊತೆಗೆ ಅತ್ತೆ ಮುರಿಗೆವ್ವ. ಅದೇ ಹಿರಿಯ ಸಿಸ್ಟರ್ ಹುಡುಗಿಯನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಲು ಹೋದಾಗ ಮುರಿಗೆವ್ವ ಬಾಗಿಲಿಗೆ ಕೈ ಕೊಟ್ಟು ನಿಂತಳು.

"ಯವ್ವಾ, ನಮ್ಮ ಹುಡುಗಿ ಭಾಳ ಅಂಜ್ಯಾಳ್ರಿ. ನನ್ನೂ ಒಳಗ ಬಿಡ್ರಿ. ನಾ ಏನೂ ಮಾತಾಡಂಗಿಲ್ಲ."

"ಹೊರಗಡೆ ಕೂತ್ಕೊಳಮ್ಮ. ಇಲ್ಲಿ ಜಾತ್ರೆ ಮಾಡ್ಬೇಡ," ಎಂದರು ಸಿಸ್ಟರ್.

ಹೆರಿಗೆಯವಳ ಜೊತೆಗೊಬ್ಬ ಹೆಂಗಸು ಇರಬಹುದು ಎಂಬ ಸರ್ಕಾರದ ಆದೇಶ ಇದೆ ಎಂದು ಲತಾಮಣಿಯವರೇ ಒಮ್ಮೆ ಹೇಳಿದ್ದರು. ರುದ್ರಮ್ಮ ನೇರ ಅವರ ಕೋಣೆಗೆ ಹೋದಳು. ಡಾಕ್ಟರು ಎದ್ದು ಬಂದು, "ಬಿಡಿ ಸಿಸ್ಟರ್, ಕೈ ತೊಳ್ಕೊಂಡು ಬರ್ಲಿ," ಎಂದರು. ಸಿಸ್ಟರ್ ಮುಖ ಗಂಟು ಹಾಕಿಕೊಂಡರು. ಮುರಿಗೆವ್ವ ಮೊಣಕೈವರೆಗೂ ತೊಳೆದುಕೊಂಡು ಬಂದು ಸೊಸೆಯ ತಲೆ ಹತ್ತಿರ ನಿಂತಳು.

ವಿಜಯಲಕ್ಷ್ಮಿಗೆ ಮಲಗಲು ಆಗುತ್ತಿರಲಿಲ್ಲ. ಬೆನ್ನು ಒಡೆದುಹೋಗ್ತಿದೆ ಎಂದು ಅತ್ತಳು.

"ಹಂಗಾದ್ರೆ ನಡಿ ವಿಜಯಲಕ್ಷ್ಮಿ. ನನ್ನ ಕುತ್ತಿಗೆ ಹಿಡ್ಕೊ," ಎಂದಳು ರುದ್ರಮ್ಮ. ಪರದೆಯ ಹಿಂದೆ ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ಇಬ್ಬರೂ ನಡೆದರು. ಡಾಕ್ಟರು ಪರೀಕ್ಷೆಗೆ ಬಂದಾಗ ರುದ್ರಮ್ಮ ಮೊದಲೇ ಹೇಳಿದಳು: "ಮೇಡಂ ಈಗ ಒಳಗೆ ಕೈಯಿಟ್ಟು ನೋಡ್ತಾರೆ. ತಡ್ಕೊಳಕ್ಕಾಗದಿದ್ರೆ ಕೈ ಎತ್ತು, ನಿಲ್ಲಿಸ್ತಾರೆ." ಹುಡುಗಿ ಒಂದು ಸಲ ಕೈ ಎತ್ತಿದಳು. ಲತಾಮಣಿ ನಿಲ್ಲಿಸಿದರು, ಕಾದರು.

ಮಧ್ಯಾಹ್ನ ಎರಡರ ಹೊತ್ತಿಗೆ ಮಗುವಿನ ತಲೆ ಕಾಣಿಸಿತು. ಸರಿಯಾಗಿ ಆಗಲೇ ವಿಜಯಲಕ್ಷ್ಮಿ ಹೆದರಿ ಎರಡೂ ಮಂಡಿಗಳನ್ನು ಬಿಗಿಯಾಗಿ ಕೂಡಿಸಿಬಿಟ್ಟಳು. ರುದ್ರಮ್ಮನ ಬಲಗೈ ತಾನಾಗಿಯೇ ಮೇಲೆದ್ದಿತು. ಮೂರು ವರ್ಷ ಸುಮ್ಮನಿದ್ದ ಕೈ. ಅದು ಗಾಳಿಯಲ್ಲಿ ನಿಂತಿದ್ದನ್ನು ಅವಳೇ ನೋಡಿದಳು. ಮೆಲ್ಲಗೆ ಇಳಿಸಿ ಹುಡುಗಿಯ ಮಂಡಿಯ ಮೇಲಿಟ್ಟಳು.

"ನನ್ನ ನೋಡು ಮಗಳೇ. ಭಯ ಆಗತ್ತೆ, ಎಲ್ರಿಗೂ ಆಗತ್ತೆ. ಕೂಗ್ಬೇಕಾ, ಕೂಗು. ಕೂಗ್ತಾನೇ ಮುಕ್ಕು, ಕೆಳಕ್ಕೆ ತಳ್ಳು."

ವಿಜಯಲಕ್ಷ್ಮಿ ಕೂಗಿದಳು. ಆಸ್ಪತ್ರೆಯ ಗೇಟಿನವರೆಗೂ ಕೇಳುವಂತೆ ಕೂಗಿದಳು. ಮಂಡಿಗಳು ಸಡಿಲವಾದವು. ಮುರಿಗೆವ್ವ, ಏನೂ ಮಾತಾಡುವುದಿಲ್ಲ ಎಂದಿದ್ದವಳು, "ಬಂತ ನೋಡವ್ವಾ, ಬಂತ, ಇನ್ನೊಂದ ಸಲ!" ಎಂದು ಅವಳಿಗಿಂತ ಜೋರಾಗಿ ಕೂಗಿದಳು. ಹೆಣ್ಣುಮಗು ಹುಟ್ಟಿತು. ರುದ್ರಮ್ಮ ಒರೆಸಿ, ಬೇರೆ ಎಲ್ಲೂ ಒಯ್ಯದೆ ತಾಯಿಯ ಎದೆಯ ಮೇಲೇ ಮಲಗಿಸಿದಳು. ತೆರೆದುಕೊಂಡೇ ಇದ್ದ ಹುಡುಗಿಯ ಕಾಲುಗಳ ಮೇಲೆ ಯಾರೋ ಬೆಡ್‌ಶೀಟ್ ಹೊದಿಸಿದರು. ರುದ್ರಮ್ಮ ತಿರುಗಿ ನೋಡಿದಳು. ಹಿರಿಯ ಸಿಸ್ಟರ್.

"ನಿಂತ್ಕೊಂಡು ಏನು ನೋಡ್ತೀಯಾ? ಹೋಗಿ ಊಟ ಮಾಡು," ಎಂದರು ಅವರು.

ಈಗ ರುದ್ರಮ್ಮನ ನಿವೃತ್ತಿಗೆ ಒಂದು ವರ್ಷ ಬಾಕಿ ಇದೆ. ಹೊಸದಾಗಿ ಸೇರುವ ಆಯಾಗಳನ್ನು ಡಾಕ್ಟರು ಮೊದಲ ವಾರ ಅವಳ ಜೊತೆಗೇ ಹಾಕುತ್ತಾರೆ. ಅವಳು ದೊಡ್ಡ ಪಾಠವನ್ನೇನೂ ಮಾಡುವುದಿಲ್ಲ, ತನ್ನ ಹಿಂದೆ ಓಡಾಡಿಸುತ್ತಾಳೆ ಅಷ್ಟೇ. ಆದರೆ ಒಂದು ಮಾತನ್ನು ಮಾತ್ರ ಮುಚ್ಚಿಡುವುದಿಲ್ಲ: "ನಾನೂ ಹೊಡೆದಿದೀನಿ ಕಣ್ರೇ. ಅದ್ರಿಂದ ಒಂದು ಮಗೂನೂ ಬೇಗ ಹುಟ್ಲಿಲ್ಲ." ಗಂಟಲು ಈಗಲೂ ಗಟ್ಟಿಯೇ. ಅದು ಕಾರಿಡಾರಿನಲ್ಲಿ ಎಲೆ ಅಡಿಕೆ ಉಗಿಯುವ ಗಂಡಸರಿಗೆ ಮೀಸಲು.

ಮಂಡಿ ನೋವು ಶುರುವಾಗಿದೆ. ಡ್ಯೂಟಿ ಮುಗಿದ ಮೇಲೆ ಒಂದೊಂದು ದಿನ ಹನುಮಯ್ಯ ಬಂದು ಕಾಯುತ್ತಾನೆ. ಇಬ್ಬರೂ ಯಡಿಯೂರು ಕೆರೆಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಾರೆ.

"ಇವತ್ತು ಎಷ್ಟು?" ಎಂದು ಅವನು ಕೇಳುತ್ತಾನೆ.

"ಮೂರು. ಒಬ್ಳು ನನ್ನ ಕೈ ಹಿಡ್ಕೊಂಡು ಉಗುರಲ್ಲಿ ಗಾಯ ಮಾಡ್ಬಿಟ್ಲು, ನೋಡಿ," ಎಂದು ಅವಳು ಕೈಯ ಹಿಂಭಾಗವನ್ನು ಹೆಮ್ಮೆಯಿಂದ ತೋರಿಸುತ್ತಾಳೆ.