ಶಿವರಾತ್ರಿಯ ದಿನ ಟ್ರಿನಿಡಾಡಿಗೆ

ಕಾಲ ಎಂಬುದು ಜಗತ್ತಿಗೆಲ್ಲ ಒಂದೇ. ಸೂರ್ಯಚಂದ್ರರು ಜಾತಿ, ಮತ, ದೇಶ ನೋಡುವವರಲ್ಲ. ಅಮಾವಾಸ್ಯೆ ನಮಗೆ ಬಂದ ದಿನವೇ ಲೋಕಕ್ಕೆಲ್ಲ ಬರುತ್ತದೆ. ಈ ಗಂಭೀರವಾದ ಸತ್ಯವನ್ನು ನಂಬಿ ನಾನು ಎರಡು ವಿಮಾನದ ಟಿಕೆಟ್ ತೆಗೆಸಿದೆ. ಅಂದಿನಿಂದ ಇಂಥ ಸತ್ಯ ಹೇಳುವವರನ್ನು ಕಂಡರೆ ಸ್ವಲ್ಪ ದೂರ ನಿಲ್ಲುತ್ತೇನೆ.

ಅದು ತೊಂಬತ್ತರ ದಶಕದ ನಡುಭಾಗ. ಬೆಳಗೋಡಿನ ಹತ್ತಿರ ನಮ್ಮದೊಂದು ಕಾಫಿ ತೋಟ. ಯಜಮಾನರು ತೀರಿಕೊಂಡ ಮೇಲೆ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೆ. ನನಗಾಗ ಐವತ್ತಮೂರು. ಆ ವಯಸ್ಸಿನ ಹೆಂಗಸು ತೋಟ ನೋಡಿಕೊಂಡರೆ ಊರು ಮೆಚ್ಚುತ್ತದೆ, ಕಾಶಿಗೆ ಹೋಗುತ್ತೇನೆಂದರೆ ಕಾಲಿಗೆ ಬೀಳುತ್ತದೆ. ನಾನು ಟ್ರಿನಿಡಾಡಿಗೆ ಹೋಗುತ್ತೇನೆಂದೆ. ಅದಕ್ಕೆ ಏನು ಮಾಡಬೇಕೆಂದು ಊರಿಗೆ ತಿಳಿಯಲಿಲ್ಲ.

ಕಾರಣ ನಮ್ಮ ಯಜಮಾನರೇ. ಅವರಿಗೆ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುವ ಚಟ. ನಮ್ಮ ತಂಡ ವೆಸ್ಟ್ ಇಂಡೀಸಿಗೆ ಹೋದಾಗಲೆಲ್ಲ ನಿದ್ದೆಗೆಟ್ಟು ಕುಳಿತು, ನಮ್ಮವರು ಸೋಲುವುದನ್ನು ಬಹಳ ಶ್ರದ್ಧೆಯಿಂದ ಕೇಳುತ್ತಿದ್ದರು. ಅಲ್ಲಿನ ಟ್ರಿನಿಡಾಡ್ ದ್ವೀಪದಲ್ಲಿ ಆಟ ನಡೆದಾಗ ಜನರ ಗಲಾಟೆಯ ಹಿಂದಿನಿಂದ ಒಂದು ವಾದ್ಯ ಕೇಳಿಸುತ್ತಿತ್ತು. ಗಂಟೆಯಲ್ಲ, ತಮಟೆಯಲ್ಲ. ಜಲತರಂಗ ಸ್ವಲ್ಪ ಕುಡಿದಿದ್ದರೆ ಹಾಗೆ ಕೇಳಿಸಬಹುದು.

“ಏನ್ರೀ ಅದು?” ಎಂದೆ.

“ಬ್ಯಾರಲ್ಲು ಕಣೇ. ಖಾಲಿ ಎಣ್ಣೆ ಬ್ಯಾರಲ್ ಬಡೀತಾರೆ.”

“ಬ್ಯಾರಲ್ ಬಡುದ್ರೆ ಹಿಂಗ್ ಕೇಳ್ತದಾ? ನಮ್ ಸ್ಟೋರ್ ಹಿಂದೆ ಡೀಸೆಲ್ ಬ್ಯಾರಲ್ ಐತಲ್ಲ, ಬಡೀರಿ ನೋಡಾಣ.”

ಅವರು ಮರುದಿನ ಬೆಳಿಗ್ಗೆ ಬಡಿದರು. ತೋಟದ ನಾಯಿಗಳೆಲ್ಲ ಓಡಿಹೋದವು. ಅದರಾಚೆಗೆ ಏನೂ ಸಾಬೀತಾಗಲಿಲ್ಲ. ಈ ವಾದ ನಮ್ಮಲ್ಲಿ ಹದಿನಾಲ್ಕು ವರ್ಷ ನಡೆಯಿತು. ತೀರ್ಮಾನವಾಗುವ ಮೊದಲೇ ಅವರು ಹೋಗಿಬಿಟ್ಟರು. ನನಗೆ ಬೇಕಾಗಿದ್ದುದು ಇಷ್ಟೇ: ಆ ದ್ವೀಪಕ್ಕೆ ಹೋಗಿ, ಆ ವಾದ್ಯದ ಎದುರು ನಿಂತು, ರೇಡಿಯೋದ ಗೊರಗೊರ ಇಲ್ಲದೆ ಎರಡು ಕಿವಿಯಿಂದ ಕೇಳಬೇಕು. ಹೋದರೆ ಅವರ ದೊಡ್ಡ ಹಬ್ಬಕ್ಕೇ ಹೋಗಬೇಕು, ಇಡೀ ಊರು ಬೀದಿಗಿಳಿದು ಬಾರಿಸುವಾಗ.

ಆ ದೇಶದ ಪ್ರವಾಸದ ಕಚೇರಿಗೆ ನನ್ನ ಹೈಸ್ಕೂಲಿನ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ನಾಲ್ಕು ತಿಂಗಳಿಗೆ ಬಣ್ಣಬಣ್ಣದ ಪುಸ್ತಿಕೆಯೊಂದು ಬಂತು. ಮೂರನೇ ಪುಟದಲ್ಲೇ ವಾದ್ಯದ ಚಿತ್ರವಿತ್ತು. ಬ್ಯಾರಲ್ಲೇ. ತಳಭಾಗವನ್ನು ತಟ್ಟಿ ತಟ್ಟಿ ಸ್ವರ ಕೂರಿಸುತ್ತಾರಂತೆ. ಸತ್ತ ಮೇಲೂ ವಾದ ಗೆಲ್ಲುವುದು ನಮ್ಮ ಯಜಮಾನರ ಸ್ವಭಾವ. ನಾನು ಸೋಲನ್ನು ಒಪ್ಪಿಕೊಳ್ಳಲಿಲ್ಲ. ಚಿತ್ರದಲ್ಲಿರುವುದನ್ನು ಯಾರು ಬೇಕಾದರೂ ಬರೆಯಬಹುದು, ಹೋಗಿಯೇ ನೋಡಬೇಕು ಎಂದುಕೊಂಡೆ.

ಜೊತೆಗೆ ಬಂದವರು ನನ್ನ ವಾರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರ ಮನೆ ಪಾಳ್ಯದಲ್ಲಿ. ಅರವತ್ತು ವರ್ಷದಲ್ಲಿ ಧರ್ಮಸ್ಥಳಕ್ಕೆ ಮೂರು ಸಲ, ಮೈಸೂರಿಗೆ ಒಂದು ಸಲ ಹೋಗಿದ್ದರು. ಮೈಸೂರಿನಲ್ಲಿ ಮಳೆ ಬಂದು ಏನೂ ನೋಡಿರಲಿಲ್ಲ. ನಾನು ವಿಷಯ ಹೇಳಿದಾಗ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ, “ನಾನೂ ಬತ್ತೀನಿ” ಎಂದರು. ಎಲ್ಲಿಗೆ ಎಂದು ಆಮೇಲೆ ಕೇಳಿದರು.

ಮೊದಲ ಪ್ರಶ್ನೆ ಹಬ್ಬ ಯಾವತ್ತು ಎಂಬುದು. ಪುಸ್ತಿಕೆಯಲ್ಲಿ ಹೋದ ವರ್ಷದ್ದು, ಈ ವರ್ಷದ್ದು, ಎರಡು ತಾರೀಖುಗಳಿದ್ದವು. ಬರುವ ವರ್ಷದ್ದು ಇರಲಿಲ್ಲ. ಉಪವಾಸದ ಕಾಲ ಶುರುವಾಗುವುದಕ್ಕೆ ಮುಂಚಿನ ಸೋಮವಾರ, ಮಂಗಳವಾರ ಎಂದಷ್ಟೇ ಬರೆದಿತ್ತು. ಅಕ್ಕ ಗೂಡಿನಿಂದ ಹಳೆಯ ಪಂಚಾಂಗಗಳನ್ನು ತೆಗೆದು ತಂದರು. ಇಬ್ಬರೂ ಜಗಲಿಯ ಮೇಲೆ ಕುಳಿತು ತಾಳೆ ನೋಡಿದೆವು. ಹೋದ ವರ್ಷ ಅವರ ಸೋಮವಾರ ನಮ್ಮ ಶಿವರಾತ್ರಿಯ ದಿನವೇ ಬಂದಿತ್ತು. ಈ ವರ್ಷ ಶಿವರಾತ್ರಿ ಕಳೆದು ಎರಡೇ ದಿನಕ್ಕೆ ಬಂದಿತ್ತು.

“ನೋಡ್ದಾ,” ಎಂದರು ಅಕ್ಕ. “ಉಪವಾಸ ಅಂತಾರೆ, ಸೋಮವಾರ ಅಂತಾರೆ, ಅಮಾಸೆ ಮಗ್ಗುಲಲ್ಲೇ ಐತೆ. ಹೆಸರು ಬ್ಯಾರೆ ಇಟ್ಕಂಡವ್ರೆ ಅಷ್ಟೇಯ.”

ಎರಡು ವರ್ಷದ ಸಾಕ್ಷಿ ಇದ್ದರೆ ಕೋರ್ಟೂ ಒಪ್ಪುತ್ತದೆ. ಮತ್ತೊಂದು ಪತ್ರ ಬರೆದು ಕೇಳಬಹುದಿತ್ತು, ನಿಜ. ಆದರೆ ಅಮಾವಾಸ್ಯೆ ಯಾವತ್ತು ಎಂದು ಪರದೇಶದವರನ್ನು ಕೇಳುವುದು ತಲೆಮಾರುಗಳಿಂದ ಶಿವಪೂಜೆ ಮಾಡಿಕೊಂಡು ಬಂದ ಮನೆತನಕ್ಕೆ ಶೋಭೆಯಲ್ಲ. ಮುಂದಿನ ವರ್ಷದ ಶಿವರಾತ್ರಿ ಶುಕ್ರವಾರ ಬೀಳುತ್ತಿತ್ತು. ಅದರ ಮುಂದಿನ ಸೋಮವಾರ ಹಬ್ಬ. ಬೊಂಬಾಯಿ, ಲಂಡನ್ ದಾಟಿ ಸೋಮವಾರದ ಒಳಗೆ ಅಲ್ಲಿರಬೇಕಾದರೆ ಶುಕ್ರವಾರ ಬೆಳಿಗ್ಗೆಯೇ ಮನೆ ಬಿಡಬೇಕು. ಅಂದರೆ ಶಿವರಾತ್ರಿಯ ದಿನವೇ.

ಇದನ್ನು ಭಾವನವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಭಾವನವರು ಎಂದರೆ ಅಕ್ಕನ ಯಜಮಾನರು, ಇಡೀ ಕುಟುಂಬಕ್ಕೆ ಹಿರಿಯರು. ಹಣೆಯ ಮೇಲಿನ ವಿಭೂತಿ ಸಂಜೆಯಾದರೂ ಮಾಸದಂಥ ಮನುಷ್ಯ. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ಶಿವರಾತ್ರಿ ದಿವ್ಸ ಮನೆ ಹೆಂಗಸ್ರು ಹೊಸ್ತಿಲು ದಾಟಿ, ಸಮುದ್ರ ದಾಟಿ, ಬ್ಯಾರಲ್ ಬಡಿಯೋರನ್ನ ನೋಡಕ್ಕೋಯ್ತೀರಾ?”

“ಹೌದು ಭಾವ.”

“ಜಾಗರಣೆ?”

“ವಿಮಾನದಲ್ಲಿ. ಪಶ್ಚಿಮಕ್ಕೆ ಹಾರಿದ್ರೆ ರಾತ್ರಿ ಉದ್ದ ಆಗ್ತದಂತೆ. ನಿಮ್ಮದಕ್ಕಿಂತ ನಮ್ಮ ಜಾಗರಣೆನೇ ಜಾಸ್ತಿ.”

ಭಾವನವರು ಅಕ್ಕನ ಕಡೆ ತಿರುಗಿದರು. ಅಕ್ಕ ಅಕ್ಕಿ ಆರಿಸುತ್ತಿದ್ದರು. ಆ ಕಾಲದಲ್ಲಿ ಆ ಮನೆಯ ಅಕ್ಕಿ ಬಹಳ ಸ್ವಚ್ಛವಾಗಿತ್ತು.

“ಅದು ಹೋಗ್ಲಿ,” ಎಂದು ಭಾವನವರು ಎರಡನೇ ಅಸ್ತ್ರ ತೆಗೆದರು. “ಹೂಮಳೆ ಬರೋ ಕಾಲ. ಯಜಮಾನಿ ತೋಟದಲ್ಲಿ ಇಲ್ದಿದ್ರೆ ಹೆಂಗಮ್ಮಾ?”

ಹೂಮಳೆ ಎಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮೊದಲ ಮಳೆ. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಒಂದು ದಿನ ಬರುತ್ತದೆ, ವರ್ಷದ ಫಸಲೆಲ್ಲ ಅದರ ಮೇಲೆ ನಿಂತಿರುತ್ತದೆ. ಅದು ಬರುವವರೆಗೆ ತೋಟದವರು ಮದುವೆಗೆ ಹೋದರೂ ಊಟ ಮುಗಿಸಿ ಓಡಿ ಬರುತ್ತಾರೆ. ಮನೆಯಲ್ಲಿದ್ದು ಮಾಡುವುದು ಮಾತ್ರ ಆಕಾಶ ನೋಡುವುದೊಂದೇ.

“ಮಳೆ ನನ್ ಮುಖ ನೋಡ್ಕಂಡು ಬರಲ್ಲ ಭಾವ,” ಎಂದೆ. “ಮೂವತ್ತು ವರ್ಷ ನಾನು ಅದಕ್ಕೆ ಕಾದಿದ್ದೀನಿ. ಒಂದ್ ವರ್ಷ ಅದು ನನಗೆ ಕಾಯ್ಲಿ.”

ಅವರು ಎದ್ದು ಒಳಗೆ ಹೋದರು. ಕೇಳಬೇಕಾದವರನ್ನು ಕೇಳಿದ್ದಾಯಿತು ಎಂದು ನಾನು ಟಿಕೆಟ್ ತೆಗೆಸಿದೆ.

ವಿಷಯ ಹರಡಲು ಬಸ್ಸು ಬರುವಷ್ಟು ಹೊತ್ತೂ ಬೇಕಾಗಲಿಲ್ಲ. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ದಫೇದಾರರು ಕಾಫಿ ಕುಡಿದು, ಕಾರಣ ಕೇಳಿ, ಬರೆಯುವುದನ್ನು ನಿಲ್ಲಿಸಿದರು. “ಬ್ಯಾರಲ್ ನೋಡಕ್ಕಾ ಅಮ್ಮ? ನಮ್ ಠಾಣೆ ಹಿಂದೆ ಮೂರು ಬಿದ್ದಾವೆ ಕಣ್ರೀ. ಪಾಸ್‌ಪೋರ್ಟ್ ಇಲ್ದೆ ನೋಡ್ಬೋದು.” ಬೆಳಗೋಡಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನವಳೇ ಒಬ್ಬಳು, ನನಗೆ ಕೇಳುವಷ್ಟೇ ಮೆತ್ತಗೆ, “ಗಂಡ ಸತ್ತೋಳು ಕುಣಿಯೋರ ಊರಿಗೆ ಹೋಯ್ತಾಳಂತೆ ಕಣೇ” ಎಂದಳು. ನಾನು ತಿರುಗಿ, “ಕುಣಿಯಕ್ಕಲ್ಲ ಮಾರಾಯ್ತಿ, ಕೇಳಕ್ಕೆ. ಕುಣಿಯದು ಬಂದುಬುಟ್ರೆ ವಾಪಸ್ ಬಂದ್ಮೇಲೆ ನಿಂಗೂ ಕಲಿಸ್ತೀನಿ” ಎಂದೆ. ಆಮೇಲೆ ಅವಳು ಆ ಬಸ್ಸಿಗೆ ಹತ್ತಲಿಲ್ಲ. ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಫೆಬ್ರವರಿ ಬಂತು. ಹೊರಡಲು ಇನ್ನು ಮೂರು ವಾರ ಚಿಲ್ಲರೆ. ಒಂದು ಬುಧವಾರ ಬೆಳಿಗ್ಗೆ ನಾನು ಸ್ಟೋರಿನ ಮುಂದೆ, ಒಣಗಿದ ಕಾಫಿಯನ್ನು ಮೂಟೆ ಕಟ್ಟಿಸುತ್ತ ನಿಂತಿದ್ದೆ. ತೋಟದ ರೈಟರು ಸಕಲೇಶಪುರದಿಂದ ಬಂದು ಇಳಿದರು. ಅವರು ಮಂಗಳೂರಿನ ಕಡೆಯ ಕ್ರೈಸ್ತರು, ನಮ್ಮಲ್ಲಿ ಲೆಕ್ಕಪತ್ರ, ಆಳುಗಳ ಹಾಜರಿ ನೋಡಿಕೊಳ್ಳುವವರು. ನೋಡುತ್ತೇನೆ, ಅವರ ಹಣೆಯಲ್ಲಿ ಬೂದಿ.

“ಏನ್ ರೈಟರೇ, ವಿಭೂತಿ ಹಚ್ಕಂಡು ಬಂದುಬುಟ್ರಿ? ನಮ್ಮ ಭಾವನವರು ಸಿಕ್ಕಿದ್ರಾ?”

“ಇಲ್ಲಮ್ಮ, ಚರ್ಚಿಗೆ ಹೋಗಿದ್ದೆ,” ಎಂದು ನಕ್ಕರು. “ಇವತ್ತು ವಿಭೂತಿ ಬುಧವಾರ ಅಲ್ವಾ. ಪಾದ್ರಿಗಳು ಹಣೆಗೆ ಹಚ್ಚುತ್ತಾರೆ. ಇವತ್ತಿಂದ ಈಸ್ಟರ್‌ವರೆಗೆ ನಮ್ಮದು ಉಪವಾಸದ ಕಾಲ ಉಂಟು.”

ನಾನು ಮೂಟೆಯ ಮೇಲೆ ಕುಳಿತೆ. ಉಪವಾಸದ ಕಾಲ ಶುರುವಾಗುವುದಕ್ಕೆ ಮುಂಚಿನ ಸೋಮವಾರ, ಮಂಗಳವಾರ. ಅಂದರೆ ಮೊನ್ನೆ ಮತ್ತು ನಿನ್ನೆ.

“ಹೋದ್ ವರ್ಷಾನೂ ಹಚ್ಕಂಡಿದ್ರಾ?”

“ಪ್ರತಿ ವರ್ಷ ಅಮ್ಮ.”

ಹೋದ ವರ್ಷ ಆ ಬುಧವಾರ ಶಿವರಾತ್ರಿ ಮುಗಿದ ವಾರದಲ್ಲೇ ಬಿದ್ದಿತ್ತು. ಊರಿನ ಹಣೆಗಳೆಲ್ಲ ಬೂದಿಯಾಗಿದ್ದಾಗ ರೈಟರ ಹಣೆ ಯಾರ ಕಣ್ಣಿಗೆ ಬೀಳಬೇಕು? ಮನೆಗೆ ಹೋಗಿ ಪಂಚಾಂಗ ತೆಗೆದೆ. ತಪ್ಪು ಅಲ್ಲಿಯೇ ದಪ್ಪ ಅಕ್ಷರದಲ್ಲಿತ್ತು. ಆ ಸಂವತ್ಸರ ನಮಗೆ ಅಧಿಕಮಾಸ. ಆಷಾಢ ಎರಡು ಸಲ ಬಂದು, ಶಿವರಾತ್ರಿ ಒಂದು ತಿಂಗಳು ಮುಂದಕ್ಕೆ ಹೋಗಿತ್ತು. ಟ್ರಿನಿಡಾಡಿನವರಿಗೆ ಅಧಿಕಮಾಸ ಇಲ್ಲವೆಂದು ಪುಸ್ತಿಕೆಯಲ್ಲಿ ಎಲ್ಲೂ ಹೇಳಿರಲಿಲ್ಲ.

ಮುಚ್ಚಿಡಬಹುದಿತ್ತು. ಹೋಗಿ ಬಂದು, ಹಬ್ಬ ಬಹಳ ಚೆನ್ನಾಗಿತ್ತು ಎನ್ನಬಹುದಿತ್ತು. ಆದರೆ ಇಷ್ಟು ಜಗಳವಾಡಿ ಗೆದ್ದ ಮೇಲೆ ಸುಳ್ಳು ಹೇಳಿಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. ಅಂದೇ ಮಧ್ಯಾಹ್ನ ಪಾಳ್ಯಕ್ಕೆ ಹೋಗಿ, ಭಾವನವರ ಮುಂದೆ, ಅಕ್ಕನ ಮುಂದೆ, ಇದ್ದದ್ದನ್ನು ಇದ್ದಂತೆ ಹೇಳಿದೆ.

ಭಾವನವರು ನಗುವ ಮನುಷ್ಯರಲ್ಲ. ಆ ದಿನ ನಕ್ಕರು. ಕನ್ನಡಕ ಎರಡು ಸಲ ಒರೆಸಿದರು.

“ಪಂಚಾಂಗ ಕಟ್ಕಂಡು ಪಾದ್ರಿ ಹಬ್ಬಕ್ಕೆ ಮುಹೂರ್ತ ಇಟ್ಟವ್ಳೆ! ಅಧಿಕಮಾಸ ಬಿಟ್ಟುಬುಟ್ಟವ್ಳೆ!” ಆಮೇಲೆ ದನಿ ಮೆತ್ತಗಾಯಿತು; ಅದೇ ಹೆಚ್ಚು ಅಪಾಯ. “ಆಯ್ತು ಬುಡಮ್ಮ. ಹಬ್ಬ ಮುಗೀತು, ಇನ್ನೇನಕ್ಕೆ ಹೋಯ್ತೀರಾ? ಟಿಕೆಟ್ ವಾಪಸ್ ಕೊಡಿ. ಮನೇಲಿ ತೆಪ್ಪಗೆ ಶಿವರಾತ್ರಿ ಮಾಡಾಣ. ಮುಂದಿನ್ ವರ್ಷ ನೋಡಾಣಂತೆ.”

ಮುಂದಿನ ವರ್ಷ ನೋಡೋಣ ಎಂಬ ಮಾತನ್ನು ನಾನು ಮದುವೆಯಾದ ವರ್ಷದಿಂದ ಕೇಳಿದ್ದೇನೆ. ಆದರೆ ಹಬ್ಬವಿಲ್ಲದ ಊರಿಗೆ ಹಬ್ಬದ ದಿನವೇ ಮನೆ ಬಿಟ್ಟು ಯಾಕೆ ಹೋಗಬೇಕು? ಒಂದು ಗಳಿಗೆ ನನಗೂ ತಿಳಿಯಲಿಲ್ಲ.

ಅಕ್ಕ ಮೊರವನ್ನು ಕೆಳಗಿಟ್ಟರು. ನಲವತ್ತು ವರ್ಷದ ದಾಂಪತ್ಯದಲ್ಲಿ ಅವರು ಗಂಡನ ಮಾತಿಗೆ ಎದುರು ಹೇಳಿದ್ದನ್ನು ನಾನು ನೋಡಿದ್ದು ಅಂದೇ ಮೊದಲು.

“ಅಲ್ಲಾ ಕಣ್ರೀ, ಹಬ್ಬ ಮುಗುದ್ರೆ ಬ್ಯಾರಲ್ ಎಲ್ಲಿಗೋಯ್ತಾವೆ? ನಮ್ಮೂರಲ್ಲಿ ಹಬ್ಬ ಮುಗುದ್ ಮೇಲೆ ಡೊಳ್ಳನ್ನ ಬಾವಿಗಾಕ್ತಾರಾ?”

ಭಾವನವರು ಬಾಯಿ ತೆರೆದರು.

“ನಾನು ಚಟ್ನಿಪುಡಿ ಮಾಡಿಟ್ಟಿವ್ನಿ,” ಎಂದರು ಅಕ್ಕ. “ಎರಡು ಸೇರು.”

ಅಲ್ಲಿಗೆ ಚರ್ಚೆ ಮುಗಿಯಿತು. ಹೊರಡುವ ದಿನವನ್ನಾದರೂ ಶಿವರಾತ್ರಿಯ ಮರುದಿನಕ್ಕೆ ಬದಲಾಯಿಸಬಹುದಲ್ಲ ಎಂದು ಆಮೇಲೆ ಒಬ್ಬರಿಬ್ಬರು ಸಲಹೆ ಕೊಟ್ಟರು. ಸಲಹೆ ಒಳ್ಳೆಯದೇ. ಸೋಮವಾರಕ್ಕೆ ಮುಟ್ಟುವ ಅವಸರವೂ ಈಗ ಇರಲಿಲ್ಲ. ಆದರೆ ಆ ಶುಕ್ರವಾರವನ್ನು ನಾನು ಕಷ್ಟಪಟ್ಟು ಗೆದ್ದಿದ್ದೆ. ಬೇಡವಾಯಿತೆಂದು ವಾಪಸು ಕೊಟ್ಟರೆ ಮುಂದೆ ಮನೆಯ ಯಾವ ಹೆಂಗಸಿಗೂ ಸಿಗುವುದಿಲ್ಲ. ಕೊಡಲಿಲ್ಲ.

ಶಿವರಾತ್ರಿಯ ಬೆಳಿಗ್ಗೆ ಪಾಳ್ಯದ ಮನೆಯ ಮುಂದೆ ಕಾರು ನಿಂತಿತ್ತು. ಭಾವನವರು ಸ್ನಾನ, ಪೂಜೆ ಮುಗಿಸಿ ಬಂದು, ವಿಭೂತಿಯ ಒಂದು ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಅಕ್ಕನ ಮಡಿಲಿಗೆ ಹಾಕಿದರು. “ನಿದ್ದೆ ಮಾಡ್ಬುಟ್ಟೀರಾ, ಜ್ವಾಕೆ” ಎಂದರು. ನಾನು ತೋಟದಲ್ಲಿ ರೈಟರಿಗೆ ಮಳೆಯ ಅಳತೆಯನ್ನು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಂದು ಬರೆದಿಡುವ ಪುಸ್ತಕ ಒಪ್ಪಿಸಿ ಬಂದಿದ್ದೆ.

ಟ್ರಿನಿಡಾಡಿನಲ್ಲಿ ಹದಿನಾರು ದಿನ ಇದ್ದೆವು. ಹಬ್ಬ ಇರಲಿಲ್ಲ. ಬ್ಯಾರಲ್ಲುಗಳಿದ್ದವು, ಬಾರಿಸುವವರೂ ಇದ್ದರು, ಎದುರಿಗೆ ನಿಂತು ಕೇಳಿದೆವು. ನಾವು ವಾಪಸು ಬಂದ ನಾಲ್ಕನೇ ದಿನ ಹೂಮಳೆ ಬಂತು: ಒಂದು ಇಂಚು ಹದಿನೆಂಟು ಸೆಂಟ್.