ಚಿಕ್ಕನಿಂಗಮ್ಮನ ಶುಗರ್ ಮಾತ್ರೆ

ತೆರಕಣಾಂಬಿಯ ಚಿಕ್ಕನಿಂಗಮ್ಮನಿಗೆ ಶುಗರ್ ಇರಲಿಲ್ಲ. ಆದರೂ ಅವಳು ವರ್ಷಗಟ್ಟಲೆ ಕುಡಿದ ಸಕ್ಕರೆಯಿಲ್ಲದ ಟೀಯನ್ನು ಒಂದೆಡೆ ಸುರಿದಿದ್ದರೆ ಊರ ಕೆರೆ ಎರಡು ಸಲ ಕೋಡಿ ಬೀಳುತ್ತಿತ್ತು. ಮದುವೆಮನೆಯಲ್ಲಿ ಪಾಯಸದ ಬಕೆಟ್ ಬಂದರೆ, "ಬ್ಯಾಡಪ್ಪ, ಶುಗರು" ಎಂದು ಎಲೆಗೆ ಕೈ ಅಡ್ಡ ಹಿಡಿದು ಎಂಜಲು ನುಂಗುತ್ತಿದ್ದಳು.

ಅವಳಿಗಿದ್ದದ್ದು ಎಚ್‌ಐವಿ, ಸತ್ತ ಗಂಡ ಬಿಟ್ಟುಹೋದ ಒಂದೇ ಆಸ್ತಿ. ಚಾಮರಾಜನಗರದ ಆಸ್ಪತ್ರೆಯಿಂದ ಮಾತ್ರೆ ತಂದು, ಡಬ್ಬಿಯ ಚೀಟಿ ಕೆರೆದು ಹಾಕಿ, ಒಳಗೆ ಹತ್ತಿ ತುರುಕುತ್ತಿದ್ದಳು. ಮಾತ್ರೆ ಅಲುಗಿದರೆ ಸದ್ದು ಕೇರಳದವರೆಗೂ ಕೇಳೀತೆಂಬ ಭಯ. ಮನೆಯಲ್ಲಿ ಸೊಸೆಯ ಕಣ್ಣು. ಹಾಗಾಗಿ ಕೂಲಿಗೆ ಹೋಗುವ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ, ಮಧ್ಯಾಹ್ನ ಉಂಡ ಮೇಲೆ, ಮೂಟೆಗಳ ಮರೆಯಲ್ಲಿ ನುಂಗುವುದು. ಕೇಳಿದವರಿಗೆ ಅದು ಶುಗರ್ ಮಾತ್ರೆ. ನಿಜ ತಿಳಿದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಡಬ್ಬಿ ಇರುತ್ತಿದ್ದದ್ದು ಎಲೆಅಡಿಕೆ ಚೀಲದಲ್ಲಿ. ಮಂಡಿಯ ಹೆಂಗಸರಲ್ಲಿ ಯಾರ ಚೀಲಕ್ಕೆ ಯಾರು ಬೇಕಾದರೂ ಕೈ ಹಾಕಬಹುದು. ಆವತ್ತು ಮೂಟೆಗಳ ಮರೆಗೇ ಬಂದು ಕೈ ಹಾಕಿದವಳು ಜೊತೆಯಲ್ಲಿ ಈರುಳ್ಳಿ ಆರಿಸುವ ಮೂಗಮ್ಮ. ಅವಳ ಗಂಟಲಿಗೆ ಕೇರಳ ಗಡಿಯ ಮದ್ದೂರು ಕಾಡಿನ ಆನೆಗಳೂ ದಾರಿ ಬಿಡುತ್ತವೆ. ಅವಳಿಗೆ ನಿಜವಾಗಿಯೂ ಶುಗರ್ ಇತ್ತು.

"ನನ್ ಮಾತ್ರೆ ಮುಗ್ದೋಗದೆ ಕಣಮ್ಮಿ. ತಲೆ ಗಿರ್ ಅಂತದೆ. ನಿಂದೇ ಒಂದ್ ನುಂಗ್ಬುಡ್ತೀನಿ."

"ಬ್ಯಾಡಕ್ಕ, ಅದು ನಿಂಗಾಗಕಿಲ್ಲ."

"ಯಾಕಮ್ಮಿ? ನಿನ್ ಶುಗರ್ ಮೇಲು, ನನ್ ಶುಗರ್ ಕೀಳಾ? ಒಂದ್ ಮಾತ್ರೆಗೂ ಇಂಗ್ ಜೀವ ಬುಡ್ತೀಯಲ್ಲ!"

ಮೂಟೆಗಳಾಚೆ ಯಾರೋ ನಕ್ಕರು. ಮಾತ್ರೆ ಮೂಗಮ್ಮನ ತುಟಿಯವರೆಗೆ ಹೋಗಿತ್ತು. ಚಿಕ್ಕನಿಂಗಮ್ಮ ಕೈ ಬೀಸಿ ಹೊಡೆದಳು. ಅದು ಈರುಳ್ಳಿ ಸಿಪ್ಪೆಯ ಮೇಲೆ ಬಿತ್ತು.

"ಶುಗರ್ದಲ್ಲ ಕಣಕ್ಕ." ದನಿ ಅವಳಿಗೇ ಕೇಳಿಸಲಿಲ್ಲ. "ಏಡ್ಸ್ ಅಂತಾರಲ್ಲ... ಅದುರ್ದು."

ಮೂಗಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ್ದನ್ನು ಚಿಕ್ಕನಿಂಗಮ್ಮ ನೋಡಿದಳು. ನೋಡಿದ್ದು ಮೂಗಮ್ಮನಿಗೂ ತಿಳಿಯಿತು.

ಚಿಕ್ಕನಿಂಗಮ್ಮ ಮಾತ್ರೆಯನ್ನು ಎತ್ತಿ, ಧೂಳು ಊದಿ, ಬಾಯಿಗೆ ಹಾಕಿಕೊಂಡಳು. ಒಣಗಂಟಲಲ್ಲಿ ಅದು ಘಾಟಿಯಲ್ಲಿ ಕೆಟ್ಟುನಿಂತ ಲಾರಿಯಂತೆ ಸಿಕ್ಕಿಕೊಂಡಿತು. ಕೆಮ್ಮು ಹತ್ತಿತು.

ಮೂಗಮ್ಮ ತನ್ನ ಚೊಂಬನ್ನು ಮುಂದಕ್ಕೆ ತಳ್ಳಿದಳು. "ತಕ್ಕೊ. ಕಚ್ಕೊಂಡೇ ಕುಡಿ, ಏನಾಗಕಿಲ್ಲ." ಹೇಳುವಾಗ ಅವಳ ಕಣ್ಣು ಮೂಟೆಗಳ ಮೇಲಿತ್ತು.

ಚಿಕ್ಕನಿಂಗಮ್ಮ ಚೊಂಬನ್ನು ತುಟಿಯಿಂದ ಒಂದು ಗೇಣು ಮೇಲಕ್ಕೆ ಹಿಡಿದು ಸುರಿದುಕೊಂಡಳು. ಅರ್ಧ ನೀರು ಕುಪ್ಪಸದ ಮೇಲೆ ಚೆಲ್ಲಿತು.