ಭೂಪಾಲ ಫೋನ್ ಎತ್ತುವುದಿಲ್ಲ

ಗೋಕಾಕದ ಪೇಟೆಯಲ್ಲಿ ಭೂಪಾಲ ಬೋಗಾರನ ಭಾಂಡಿ ಅಂಗಡಿ ಯಾವುದೆಂದು ಯಾರನ್ನೂ ಕೇಳಬೇಕಿರಲಿಲ್ಲ. ಪೇಟೆಗೆ ಬಂದು ಸುಮ್ಮನೆ ನಿಂತರೆ ಸಾಕು, ಎಲ್ಲಿಂದ ‘ಝರ್ರ್’ ಎಂಬ ಸದ್ದು ಹಲ್ಲಿನ ಬುಡಕ್ಕೆ ಬಂದು ತಾಗುತ್ತದೋ ಅದೇ ಅಂಗಡಿ. ಗಿರಾಕಿ ಕೊಂಡ ಪಾತ್ರೆಯ ಮೇಲೆ ಕರೆಂಟಿನ ಮೊಳೆಯಿಂದ ಹೆಸರು ಕೊರೆಯುವ ಸದ್ದು ಅದು. ತಾಲೂಕಿನ ಅರ್ಧ ತಂಬಿಗೆಗಳ ಮೇಲೆ ಅವನ ಕೈಬರಹ ಇದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಸಂಜೆ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಉಳಿದ ಹೊತ್ತಿನಲ್ಲಿ ನಗೆಬರಹ ಬರೆಯುವವನು. ನನ್ನ ಪುಸ್ತಕವೊಂದು ಅವನ ಅಂಗಡಿಗೇ ರದ್ದಿಯಾಗಿ ಬಂದು, ಗಾಜಿನ ಲೋಟಗಳ ನಡುವೆ ಸುತ್ತಿಕೊಂಡು ಕೂತಿದ್ದನ್ನು ಕಣ್ಣಾರೆ ಕಂಡವನು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ನಿಮ್ಮ ಪುಸ್ತಕದಿಂದ ಒಂದ ಲೋಟಾನೂ ಹೆಚ್ಚಿಲ್ಲ ನೋಡ್ರಿ,” ಎಂದು ಭೂಪಾಲ ಸಮಾಧಾನ ಹೇಳಿದ್ದ.

ಈ ‘ಹೆಚ್ಚಿಲ್ಲ’ ಎನ್ನುವುದಕ್ಕೆ ಒಡೆದಿಲ್ಲ ಎಂದು ಅರ್ಥ. ಒಡೆಯಿತು, ಮುಚ್ಚಿತು, ಆರಿತು, ಮುಗಿಯಿತು ಎಂಬ ಮಾತುಗಳು ಅವನ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಅವು ಅಶುಭ. ಹೆಂಗಸರ ಕೈಬಳೆ ಒಡೆದರೆ ಬಳೆ ಹೆಚ್ಚಿತು ಎನ್ನುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಭೂಪಾಲ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಸಂಜೆ ಬಾಗಿಲು ಎಳೆಯುವಾಗ “ಅಂಗಡಿ ಹೆಚ್ಚಸೋಣ” ಅನ್ನುತ್ತಿದ್ದ. ಡಬ್ಬಿಯಲ್ಲಿ ಸಕ್ಕರೆ ತೀರಿದರೆ ಸಕ್ಕರೆ ಹೆಚ್ಚುತ್ತಿತ್ತು. ಒಮ್ಮೆ ನನ್ನ ತಲೆ ನೋಡಿ, “ಮಾಸ್ತರ, ಕೂದಲಾ ಭಾಳ ಹೆಚ್ಚ್ಯಾವಲ್ರಿ” ಅಂದ. ಆ ವರ್ಷ ಯಾರಾದರೂ ನನ್ನ ಕೂದಲಿನ ಬಗ್ಗೆ ಇಷ್ಟು ಮರ್ಯಾದೆಯಿಂದ ಮಾತಾಡಿದ್ದರೆ ಅವನೊಬ್ಬನೇ.

ಅವನಿಗೆ ಆ ಮಡಚುವ ಮೊಬೈಲ್ ಆರಿಸಿ ಕೊಟ್ಟವಳು ಮಗಳು ಭಕ್ತಿ. ಆಗ ನಮ್ಮೂರಲ್ಲಿ ಎಲ್ಲರ ಕೈಯಲ್ಲೂ ಸಾಬೂನಿನಂಥ ದಪ್ಪ ಫೋನುಗಳು. ನನ್ನದಕ್ಕಂತೂ ಬೆನ್ನು ಬೀಳದಂತೆ ರಬ್ಬರ್ ಬ್ಯಾಂಡ್ ಹಾಕಿದ್ದೆ. ಭಕ್ತಿ ತಂದದ್ದು ಹೋಳಿಗೆಯಷ್ಟು ತೆಳುವು. ಮುಚ್ಚಿದಾಗ ಮೇಲೊಂದು ಪುಟ್ಟ ಕಿಟಕಿಯಲ್ಲಿ ಕರೆದವರ ಹೆಸರು ನೀಲಿಯಾಗಿ ಕಾಣುತ್ತಿತ್ತು. ಬೆರಳಿನಿಂದ ಎತ್ತಿದರೆ ‘ಟಕ್’ ಎಂದು ತೆರೆದು ಮಾತು ಶುರು, ಮಡಚಿದರೆ ಮಾತು ಬಂದ್. ಒಳಗೆ ಕ್ಯಾಮೆರಾ, ಹಾಡು, ದನಿ ಹಿಡಿದಿಡುವ ಸೌಲಭ್ಯ. ಬಿ.ಕಾಂ. ಮುಗಿಸಿದ್ದ ಹುಡುಗಿ ಒಂದು ಮಧ್ಯಾಹ್ನ ಪೂರ್ತಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಅಪ್ಪನಿಗೆ ಕಲಿಸಿದಳು.

“ಅಪ್ಪಾ, ಮಾತ ಮುಗದ ಮ್ಯಾಲ ಮುಚ್ಚಬೇಕ.”

“ಮುಚ್ಚೂದ ಅನಬ್ಯಾಡವಾ. ಹೆಚ್ಚಸೂದ ಅನ್ನು.”

“ಆತ, ಹೆಚ್ಚಸು. ಫೋಟೋ ತಗಿಯುವಾಗ ಹೆಬ್ಬಟ್ಟ ಈ ಕಡೆ. ಅಪ್ಪಾ, ಹೆಬ್ಬಟ್ಟ! ಪಾಪ, ಮಾಸ್ತರ ಮಾರಿ ಅರ್ಧ ಹೋತ ನೋಡ.”

“ಅರ್ಧ ಸಾಕವ್ವಾ,” ಎಂದೆ ನಾನು. ಅವಳು ನಕ್ಕಳು. ನನ್ನ ಹಾಸ್ಯಕ್ಕೆ ಮನಸಾರೆ ನಗುತ್ತಿದ್ದವರು ಗೋಕಾಕದಲ್ಲಿ ಕಡಿಮೆ. ಅವಳು ಅವರಲ್ಲೊಬ್ಬಳು.

ಕೊನೆಗೆ ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು, ಆ ಕಡೆ ತಿರುಗಿ ಏನೋ ಹೇಳಿದಳು. ಅದನ್ನೇ ರಿಂಗ್ ಟೋನ್ ಮಾಡಿಟ್ಟಳು. ಅಂದಿನಿಂದ ಭೂಪಾಲನಿಗೆ ಯಾರೇ ಕರೆದರೂ ಅವನ ಅಂಗಿಯ ಕಿಸೆಯೊಳಗಿಂದ ಮಗಳು ಕೂಗುತ್ತಿದ್ದಳು: “ಅಪ್ಪಾ, ಫೋನ್ ಬಂದೈತಿ! ಏ ಅಪ್ಪಾ! ಕಿವಿ ಎಲ್ಲಿಟ್ಟಿ? ಎತ್ತೋ ಮಾರಾಯಾ!” ಆಮೇಲೆ, ತಡೆಯಲಾರದೆ ಬಂದ ಒಂದು ನಗು.

ಅದಾದ ಮೇಲೆ, ಚಾತುರ್ಮಾಸಕ್ಕೆ ಬಂದಿದ್ದ ಜೈನ ಮುನಿಗಳ ಸಂಘದ ಜೊತೆ ತಾನೂ ಹೋಗುವುದಾಗಿ, ದೀಕ್ಷೆ ತೆಗೆದುಕೊಳ್ಳುವುದಾಗಿ ಭಕ್ತಿ ಮನೆಯಲ್ಲಿ ಹೇಳಿದಳು. ಅವಳು ಸಣ್ಣವಳಿದ್ದಾಗಿನಿಂದಲೂ ಬಸದಿಯ ಕಡೆ ಎಳೆತ ಇದ್ದವಳೇ. ಆದರೂ ಭೂಪಾಲ ಅವಳ ಮದುವೆಗೆಂದು ಪಾತ್ರೆಗಳನ್ನು ಬೇರೆ ತೆಗೆದಿಟ್ಟು, ಒಂದೊಂದರ ಮೇಲೂ ಹೆಸರು ಕೊರೆಯುತ್ತ ಬಂದಿದ್ದ. ಹೆಂಡತಿ ಇಂದುಬಾಯಿ ಒಂದು ವಾರ ಒಲೆಯ ಮುಂದಿನಿಂದ ಏಳಲಿಲ್ಲ. ದೀಕ್ಷೆಯ ದಿನ ಸಾವಿರ ಜನರ ಎದುರು ತಂದೆಯ ಒಪ್ಪಿಗೆ ಕೇಳಿದರು. ಮೈಕು ಅವನ ಬಾಯಿಗೆ ಹಿಡಿದರು. “ಹೂಂ” ಎಂದ. ಮಂಟಪವೆಲ್ಲ ಜೈಕಾರ ಹಾಕಿತು.

ಅವನಿಗೆ ಅಳುವ ಅಧಿಕಾರವೂ ಇರಲಿಲ್ಲ ನೋಡಿ. ಮಗಳು ತೀರಿಕೊಂಡಿದ್ದರೆ ಜನ ಬಂದು ಪಕ್ಕದಲ್ಲಿ ಕೂಡುತ್ತಿದ್ದರು, ಬೇರೆ ಯಾರೊಂದಿಗೋ ಓಡಿಹೋಗಿದ್ದರೆ ಬೈಯಲಿಕ್ಕಾದರೂ ಬರುತ್ತಿದ್ದರು. ಇಲ್ಲಿ ಬಂದವರೆಲ್ಲ ಹಾರ ಹಾಕಿದರು. “ಪುಣ್ಯವಂತ ಇದ್ದೀ ಭೂಪಾಲಾ!” ಎಂದು ಬೆನ್ನು ತಟ್ಟಿದರು. ಅವನು ಕೈಮುಗಿದು ನಗುತ್ತ ನಿಂತಿದ್ದ. ಮಗಳ ತಲೆಯ ಕೂದಲನ್ನು ಕೈಯಿಂದ ಕೀಳುತ್ತಿದ್ದಾಗಲೂ ಹಾಗೇ ನಿಂತಿದ್ದ. ಆ ದಿನದ ಮೆರವಣಿಗೆಯಲ್ಲಿ ತನ್ನ ಫೋನಿನಿಂದ ಅವನು ತೆಗೆದ ಫೋಟೋಗಳನ್ನು ಆಮೇಲೆ ನೋಡಿದೆ. ಎಲ್ಲದರಲ್ಲೂ ಹೆಬ್ಬೆರಳು. ಒಂದರಲ್ಲಿ ಮಾತ್ರ ಬೆರಳಿನ ಆಚೆ, ಮದುಮಗಳಂತೆ ಸಿಂಗರಿಸಿದ್ದ ಮಗಳ ಕೆಂಪು ರೇಷ್ಮೆಯ ಅಂಚು.

ಭಕ್ತಿ ಸುವ್ರತಮತಿ ಮಾತಾಜಿ ಆದಳು. ಆದರು ಎನ್ನಬೇಕು. ಸಂಘದ ಜೊತೆ ಕಾಲ್ನಡಿಗೆಯಲ್ಲಿ ಮಹಾರಾಷ್ಟ್ರದ ಕಡೆ ಹೋದರು.

ಭೂಪಾಲ ಫೋನ್ ಎತ್ತುವುದನ್ನು ಬಿಟ್ಟದ್ದು ಆಗ. ಎತ್ತಿದರೆ ಫೋನು ತೆರೆದುಕೊಳ್ಳುತ್ತದೆ, ತೆರೆದರೆ ಕೂಗು ನಿಲ್ಲುತ್ತದೆ. ನಗುವಿನವರೆಗೂ ಕೇಳಬೇಕೆಂದರೆ ಮುಟ್ಟದೇ ಕೂಡಬೇಕು. ಫೋನು ಕೂಗಿದ ಕೂಡಲೇ ಹೆಸರು ಕೊರೆಯುವ ಮೊಳೆಯನ್ನು ಆರಿಸಿ, ಕಿಸೆಯ ಮೇಲೆ ಕೈಯಿಟ್ಟು, ಎದುರಿನ ಗೋಡೆ ನೋಡುತ್ತ ಕೂಡುತ್ತಿದ್ದ. ಗಿರಾಕಿಗಳು ಅವನಿಗೆ ಕಿವಿ ಮಂದವಾಗಿದೆ ಅಂದುಕೊಂಡು ಕೂಗಿ ಮಾತಾಡತೊಡಗಿದರು.

“ಅಪ್ಪಾ, ಕೊಲ್ಲಾಪುರದ ಶೇಠ ಸಿಟ್ಟಾಗ್ಯಾರ. ಮುಂಜಾನಿಂದ ಫೋನ್ ಹಚ್ಚಾಕತ್ತಾರಂತ,” ಎಂದು ಮಗ ನಿತಿನ ಗೊಣಗುತ್ತಿದ್ದ.

“ನಿನ್ನ ಫೋನಿಗೆ ಹಚ್ಚ್ ಅನ್ನ.”

ನನಗೆ ಸಂಗತಿ ಹೊಳೆದ ಮೇಲೆ ಕಾಲೇಜಿನಿಂದ ದಿನಾ ಮಧ್ಯಾಹ್ನ ಅವನಿಗೊಂದು ಮಿಸ್ ಕಾಲ್ ಕೊಡತೊಡಗಿದೆ. ದುಡ್ಡು ಬೀಳದ ಪುಣ್ಯಕಾರ್ಯ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಸಂಜೆ ಅಂಗಡಿಗೆ ಹೋದರೆ ಚಹಾ ತರಿಸುತ್ತಿದ್ದ. “ಮಾಸ್ತರ, ಇವತ್ತ ಲಗೂನ ಕಟ್ ಮಾಡಿದ್ರಿ. ನಗೂತನಕ ಬಿಡ್ರಿ,” ಎನ್ನುತ್ತಿದ್ದ. ಪೂರ್ತಿ ಬಿಡುವುದನ್ನು ಕಲಿತೆ.

ಮರುವರ್ಷ ಫೋನು ಕೆಟ್ಟಿತು. ತನಗೆ ತಾನೇ ಆರುವುದು, ಹೊತ್ತುವುದು. ಬಸ್ ಸ್ಟ್ಯಾಂಡಿನ ಹತ್ತಿರ ಅಂಕಲಗಿಯ ಈಶ್ವರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ನನ್ನ ಹಳೆಯ ವಿದ್ಯಾರ್ಥಿ, ಕನ್ನಡದ ಪರೀಕ್ಷೆಗೆ ಎರಡು ಸಲ ಕೂತವನು. ಭೂಪಾಲ ಒಬ್ಬನೇ ಅಲ್ಲಿಗೆ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದೆ. ಇಬ್ಬರೂ ಒಂದೇ ಮಾತನ್ನೇ ಹೇಳಿದರು.

ಈಶ್ವರ ಫೋನ್ ನೋಡಿ, “ಕಾಕಾ, ಸಾಫ್ಟವೇರ್ ಹೊಸದ ಹಾಕಬೇಕ್ರಿ. ಮೊದಲ ಒಂದ ಕಾರ್ಡ ಹಾಕಿ ಮೆಮರಿ ಹೆಚ್ಚಸ್ತೇನಿ,” ಎಂದ. ಹೊಸದು ಹಾಕಿದರೆ ಒಳಗಿದ್ದುದು ಅಳಿಸಿಹೋಗುತ್ತದೆಂದು, ಅದನ್ನೆಲ್ಲ ಆ ಕಾರ್ಡಿಗೆ ತೆಗೆದಿಟ್ಟು ಆಮೇಲೆ ಕೆಲಸಕ್ಕೆ ಕೈ ಹಚ್ಚುವುದು ಅವನ ಲೆಕ್ಕ.

ಭೂಪಾಲ ಹೌಹಾರಿದ. “ಹೆಚ್ಚಸಬ್ಯಾಡಪ್ಪಾ! ಏನ ಮಾಡಿದ್ರೂ ಅದನ್ನ ಹೆಚ್ಚಸಬ್ಯಾಡ!”

“ಭಾಳ ಖರ್ಚಿಲ್ರಿ ಕಾಕಾ.”

“ಖರ್ಚಿನ ಮಾತಲ್ಲೋ ತಮ್ಮಾ. ಒಳಗ ಇದ್ದದ್ದ ಒಂದೂ ಹೆಚ್ಚಬಾರದ. ಕೈ ಮುಗೀತೇನಿ.”

ಪೇಟೆಯ ವ್ಯಾಪಾರಸ್ಥರು ಕೈಮುಗಿದು ಖರ್ಚು ತಪ್ಪಿಸಿಕೊಳ್ಳುವುದು ಈಶ್ವರನಿಗೆ ಹೊಸದಲ್ಲ. “ಆತ ಬಿಡ್ರಿ, ಹೆಚ್ಚಸಂಗಿಲ್ಲ,” ಎಂದ. ಕಾರ್ಡು ಹಾಕಲಿಲ್ಲ. ಸಾಫ್ಟವೇರ್ ಹಾಕಿದ. ಫೋನು ಹೊಸದರ ಹಾಗೆ ಬೆಳಗಿತು. ಭೂಪಾಲ ಅವನಿಗೆ ಆಶೀರ್ವಾದ ಮಾಡಿ ಬಂದ.

ನಾನು ಅಂಗಡಿಯಲ್ಲೇ ಇದ್ದೆ. “ಮಾಸ್ತರ, ಒಂದ ಮಿಸ್ ಕಾಲ್ ಕೊಡ್ರಿ,” ಎಂದು ಕಿಸೆಯ ಮೇಲೆ ಕೈಯಿಟ್ಟು ಕೂತ. ಕೊಟ್ಟೆ. ಕಿಸೆಯೊಳಗಿಂದ ಯಾವುದೋ ಪರದೇಶದ ಗಂಟೆ ಬಡಿಯಿತು: ಟಿಣ್ ಟಿಣಾ ಟಿಣ್.

“ಬ್ಯಾರೆ ಯಾರಿಗೋ ಹಚ್ಚೀರೇನ್ರಿ?”

“ಇಲ್ರಿ, ನಿಮಗ ಹಚ್ಚೇನಿ.”

“ಇನ್ನೊಮ್ಮೆ ಹಚ್ಚ್ರಿ.”

ಟಿಣ್ ಟಿಣಾ ಟಿಣ್. ನಿತಿನ ಬಂದು ಫೋನ್ ತೆಗೆದುಕೊಂಡು ಎಲ್ಲ ಗುಂಡಿ ಒತ್ತಿ ನೋಡಿದ. ಹೆಬ್ಬೆರಳಿನ ಫೋಟೋಗಳೂ ಇರಲಿಲ್ಲ. ಹುಡುಗ ಫೋನನ್ನು ಅಪ್ಪನ ಕೈಗಿಟ್ಟು ಹೊರಗೆ ಹೋದ. ಭೂಪಾಲ ನನ್ನ ಕಡೆ ನೋಡಿ, “ಇನ್ನೊಮ್ಮೆ,” ಎಂದ. ನಾನು ಮತ್ತೆ ಹಚ್ಚಿದೆ.

ಮರುದಿನ ಈಶ್ವರ ಕಾಲೇಜಿಗೇ ಬಂದ. ಕಣ್ಣು ಕೆಂಪಗಾಗಿದ್ದವು. “ಸರ್, ಬಳಿ ಒಡದ್ರ ಹೆಚ್ಚಿದವು ಅಂತ ನಮ್ಮವ್ವನೂ ಅಂತಾಳ್ರಿ. ಮೆಮರಿಗೂ ಹಂಗ ಅಂತಾರಂತ ನನಗೇನ ಗೊತ್ರಿ?” ಎಂದ. ಭೂಪಾಲ ಅವನನ್ನು ಬೈಯಲಿಲ್ಲ. “ಹುಡುಗ ನಾ ಹೇಳಿದಂಗ ಕೇಳ್ಯಾನ,” ಎಂದಷ್ಟೇ ಅಂದ.

ಆ ಚಳಿಗಾಲ ಸಂಘ ತಿರುಗಿ ಈ ಕಡೆ ಬಂದು ಹುಕ್ಕೇರಿಯಲ್ಲಿ ತಂಗಿದೆ ಎಂಬ ಸುದ್ದಿ ಬಂತು. ಭೂಪಾಲ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಇಂದುಬಾಯಿಯನ್ನು ಹೊರಡಿಸಿದ. “ನೀವೂ ಬರ್ರಿ ಮಾಸ್ತರ. ದನಿ ಹಿಡಿಯೂ ಗುಂಡಿ ಯಾವದಂತ ನನಗ ನೆನಪ ಉಳಿಯೂದಿಲ್ಲ,” ಎಂದ. ಆಗ ಅವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯಿತು. ಇಂದುಬಾಯಿಗೆ ಅದು ಮೊದಲೇ ಗೊತ್ತಿತ್ತು ಅನಿಸುತ್ತದೆ; ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತ ಬಂದರು.

ಮಾತಾಜಿ ಬಸದಿಯ ಪಕ್ಕದ ಪಡಸಾಲೆಯಲ್ಲಿ ಬಿಳಿ ಸೀರೆ ಉಟ್ಟು, ಚಾಪೆಯ ಮೇಲೆ ಕೂತಿದ್ದರು. ಮುಂದೆ ನವಿಲುಗರಿಯ ಪಿಂಛಿ. ದರ್ಶನಕ್ಕೆ ಬಂದವರು ಏನಾದರೊಂದನ್ನು ಬಿಡುವುದಾಗಿ ನಿಯಮ ತೆಗೆದುಕೊಳ್ಳಬೇಕು. ನಮ್ಮ ಮುಂದಿದ್ದ ದಪ್ಪ ಗೃಹಸ್ಥರೊಬ್ಬರು ವರ್ಷಪೂರ್ತಿ ಹಲಸಿನ ಹಣ್ಣು ಬಿಟ್ಟರು. ಹುಕ್ಕೇರಿಯಲ್ಲಿ ಅದು ಸಿಕ್ಕರೆ ತಾನೆ! ನಾನು ಧೈರ್ಯ ಮಾಡಿ ಹಾಗಲಕಾಯಿ ಬಿಟ್ಟೆ. ಮಾತಾಜಿಯ ತುಟಿಯ ಅಂಚು ಒಂದಿಷ್ಟು ಅಲುಗಿದಂತೆ ಕಂಡಿತು. ನನ್ನ ಭ್ರಮೆ ಇರಬಹುದು.

ಭೂಪಾಲ, ಇಂದುಬಾಯಿ “ವಂದಾಮಿ ಮಾತಾಜಿ” ಎಂದು ಬಾಗಿದರು. ಮಾತಾಜಿ ಪಿಂಛಿ ಎತ್ತಿ ಹರಸಿದರು. ದನಿ ಅದೇ. ನಗು ಒಂದೇ ಅದರಲ್ಲಿ ಇರಲಿಲ್ಲ.

“ಏನ ಬಿಡ್ತೀರಿ, ಶ್ರಾವಕರೇ?” ಎಂದು ಬೇರೆ ಗೃಹಸ್ಥರನ್ನು ಕೇಳುವಂತೆಯೇ ಕೇಳಿದರು.

“ಬಿಡಾಕ ನನ್ನ ಹತ್ತರ ಏನೂ ಉಳದಿಲ್ರಿ, ಮಾತಾಜಿ,” ಎಂದ ಭೂಪಾಲ. ಕಿಸೆಯಿಂದ ಫೋನ್ ತೆಗೆದು ತೆರೆದು ಎರಡೂ ಕೈಯಿಂದ ಹಿಡಿದ. “ಇದರಾಗ ಇದ್ದದ್ದ ಹೋತ್ರಿ. ಒಂದ ಸಲ ಅಪ್ಪಾ ಅನ್ರಿ. ಹಿಡಕೊಂಡ ಹೋಗ್ತೇನಿ. ಮತ್ತ ನಿಮಗ ತ್ರಾಸ ಕೊಡಾಕ ಬರೂದಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ “ಶ್ಶ್” ಎಂದರು. ಇಂದುಬಾಯಿ ಗಂಡನ ಅಂಗಿಯ ತುದಿ ಹಿಡಿದು ಎಳೆದರು. ಮಾತಾಜಿ ಫೋನನ್ನು ನೋಡಿದರು, ಬಹಳ ಹೊತ್ತು ನೋಡಿದರು.

“ಹಂಗ ಕರ್ಯಾಕಿ ಈಗ ಇಲ್ರಿ,” ಎಂದರು. ಆಮೇಲೆ ಇನ್ನೂ ಮೆಲ್ಲಗೆ, “ಅದನ್ನ ಒಳಗ ಇಟಗೋರಿ,” ಎಂದು ಮುಂದಿನವರ ಕಡೆ ತಿರುಗಿದರು. ತಿರುಗುವಾಗ ಪಿಂಛಿ ಕೈಯಿಂದ ಜಾರಿತು. ತಾವೇ ಎತ್ತಿಕೊಂಡರು.

ಸಂಜೆಯ ಬಸ್ಸಿನಲ್ಲಿ ಅವರಿಬ್ಬರ ಹಿಂದಿನ ಸೀಟು ನನ್ನದು. ಹಿಡಕಲ್ಲಿನ ಹತ್ತಿರ ಬಸ್ಸು ನಿಂತು ಹೊರಟಿತು. ಆಮೇಲೆ ಇಂದುಬಾಯಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: “ನಿಮಗ ಒಂದ ವರ್ಷಾರ ದಿನಾ ಕೇಳಾಕ ಸಿಕ್ಕಿತ್ತಲ್ರಿ. ನನ್ನ ಆಯೀ ಅಂತ ಕರದದ್ದನ್ನ ಯಾರೂ ಯಾವ ಫೋನಿನ್ಯಾಗೂ ಹಿಡದ ಇಡಲಿಲ್ಲ.”

ಭೂಪಾಲ ಹೆಂಡತಿಯ ಕಡೆ ತಿರುಗಿದ. ಇಷ್ಟು ದಿನ ಅವನಿಗೆ ಇದು ಹೊಳೆದೇ ಇರಲಿಲ್ಲ. ಅವನ ಜೊತೆ ಚಹಾ ಕುಡಿದ ನನಗೂ ಹೊಳೆದಿರಲಿಲ್ಲ.

“ಬಚ್ಚಲದಾಗಿಂದ ಒದರತಿದ್ದಳು,” ಎಂದ ಕೊನೆಗೆ. “ಆಯೀ, ಟಾವೆಲ್ ಅಂತ. ದಿನಾ ಮರತ ಹೋಗ್ತಿದ್ದಳು.”

“ದಿನಾ,” ಎಂದರು ಇಂದುಬಾಯಿ.

ಭೂಪಾಲ ಗಂಟಲು ಸರಿ ಮಾಡಿಕೊಂಡ. ಪಾತ್ರೆಗಳ ಸದ್ದಿನ ನಡುವೆ ಬೆಳೆದು ಬಿರಿದ ಗಂಡುದನಿ. ಅದನ್ನು ಆದಷ್ಟು ತೆಳ್ಳಗೆ ಮಾಡಿ, ತುಂಬಿದ ಬಸ್ಸಿನಲ್ಲಿ, “ಆಯೀ, ಟಾವೆಲ್!” ಎಂದು ಕೂಗಿದ. ಕಂಡಕ್ಟರ್ ತಿರುಗಿ ನೋಡಿದ. ಮುಂದಿನ ಸೀಟಿನ ಹೆಂಗಸರು ನಕ್ಕರು.

ಇಂದುಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, “ಹಂಗಲ್ರಿ. ‘ಯೀ’ ಇನ್ನೂ ಉದ್ದ ಇರತಿತ್ತ,” ಎಂದರು.

ಭೂಪಾಲ ಇನ್ನೂ ಉದ್ದ ಮಾಡಿ ಕೂಗಿದ.